ಗಂಗ್‌ಜಿನ್: ನೆಲದ ನಡುವೆ ನುಗ್ಗಿದ ಕಡಲು

ಕೊರಿಯಾದ ದಕ್ಷಿಣ ಕರಾವಳಿಯ ಗಂಗ್‌ಜಿನ್‌ನಂಥ ಹಳ್ಳಿಗಾಡಿಗೆ ಹೇಳಿಕೊಳ್ಳುವಂಥ ಚರಿತ್ರೆ ಇದೆಯೇ ಅಂತ ಕೇಳಿದ್ದೀರಿ. ಬೇಕಾದಷ್ಟಿದೆ. ಗ್ವಾಂಗ್‌ಜು ನಗರದಲ್ಲಿ ಓದುತ್ತಿದ್ದಾಗ ಬಿಡುವು ಸಿಕ್ಕರೆ ನಾನು ಬಸ್ಸು ಹತ್ತುತ್ತಿದ್ದುದು ಅಲ್ಲಿಗೇ.

ಮೊದಲು ನಕ್ಷೆ ನೋಡಿ. ಕೊಲ್ಲಿ ಈ ಸೀಮೆಯ ನಡುವೆ ನುಗ್ಗಿ, ಪಟ್ಟಣದ ಹತ್ತಿರದವರೆಗೂ ಬಂದಿದೆ. ನೆಲ ಎರಡೂ ಕಡೆ ಪ್ಯಾಂಟಿನ ಕಾಲುಗಳ ಹಾಗೆ ಇಳಿಬಿದ್ದಿದೆ. ತಾಮ್‌ಜಿನ್ ಹೊಳೆ ಸೇರುವುದೂ ಈ ಕೊಲ್ಲಿಗೇ. ನೀರು ಇಳಿದಾಗ ಕಣ್ಣು ಹಾಯುವಷ್ಟು ದೂರ ಕೆಸರು, ಜೊಂಡು. 1417ರಲ್ಲಿ ದೊಗಾಂಗ್, ತಾಮ್‌ಜಿನ್ ಎಂಬ ಎರಡು ಸೀಮೆಗಳನ್ನು ಕೂಡಿಸಿ, ಎರಡರ ಕೊನೆಯ ತುಣುಕು ಜೋಡಿಸಿ ಈ ಹೆಸರಿಟ್ಟರು.

ಅದಕ್ಕೂ ಹಿಂದೆ, ಗೋರ್ಯೊ ಅರಸರ ಕಾಲದಲ್ಲಿ (918–1392), ಹಸಿರು ಹೊಳಪಿನ ಸೆಲಡಾನ್ ಪಿಂಗಾಣಿಯನ್ನು ಸುಡುತ್ತಿದ್ದ ದೊಡ್ಡ ಕೇಂದ್ರ ಇದು. ಸರಕು ರಾಜಧಾನಿಗೆ ಹೋಗುತ್ತಿದ್ದುದು ಹಡಗಿನಲ್ಲಿ. 2007ರಲ್ಲಿ ದೂರದ ತೇಆನ್ ಕಡಲಲ್ಲಿ ಬೆಸ್ತರೊಬ್ಬರಿಗೆ ಸಿಕ್ಕ ಪುಟ್ಟ ಆಕ್ಟೋಪಸ್ ಒಂದು ಸೆಲಡಾನ್ ತಟ್ಟೆಯನ್ನು ಅಪ್ಪಿಕೊಂಡಿತ್ತು. ಅಲ್ಲೇ ಮುಳುಗಿ ಹುಡುಕಿದರೆ ಹಳೆಯ ಹಡಗೊಂದರ ಸರಕು, 20,000ಕ್ಕೂ ಹೆಚ್ಚು ಪಾತ್ರೆಗಳು! ಜೊತೆಗೆ ಸಿಕ್ಕ ಮರದ ಚೀಟಿಯಲ್ಲಿ, ಸರಕು ತಾಮ್‌ಜಿನ್‌ನಿಂದ ಹೊರಟಿದ್ದು ಅಂತ ಬರೆದಿತ್ತು.

ಹಡಗು ಒಡೆದು ಜೇಜು ದ್ವೀಪ ಸೇರಿದ್ದ ಡಚ್ಚರು, ಆಮೇಲೆ ಕೊರಿಯಾದ ಬಗ್ಗೆ ಬರೆದ ಹೆಂಡ್ರಿಕ್ ಹಾಮೆಲ್ ಸಮೇತ, 1656ರಿಂದ 1663ರವರೆಗೆ ಇಲ್ಲಿನ ಸೇನಾ ಠಾಣೆ ಬ್ಯೊಂಗ್‌ಯೊಂಗ್‌ನಲ್ಲಿದ್ದರು.

ಆದರೆ ನನ್ನನ್ನು ಮತ್ತೆ ಮತ್ತೆ ಅಲ್ಲಿಗೆ ಎಳೆದದ್ದು ಜೊಂಗ್ ಯಾಕ್‌ಯೊಂಗ್. ದಾಸಾನ್ ಅಂತಲೇ ಹೆಸರು. 1801ರಲ್ಲಿ ಕೆಥೋಲಿಕರನ್ನು ಬೇಟೆಯಾಡಿದಾಗ ಗಡೀಪಾರಾಗಿ ಬಂದ ಈ ವಿದ್ವಾಂಸರಿಗೆ ಮೊದಲು ಜಾಗ ಕೊಟ್ಟದ್ದು ಹೆಂಡದಂಗಡಿಯ ಒಂದು ಕೋಣೆ. 1808ರಲ್ಲಿ ಗುಡ್ಡದ ಮೇಲಿನ ಚೋದಾಂಗ್‌ಗೆ ಹೋದರು. ಚೋದಾಂಗ್ ಅಂದರೆ ಹುಲ್ಲಿನ ಮನೆ. ಈಗಿರುವುದು ಆಮೇಲೆ ಕಟ್ಟಿದ ಹೆಂಚಿನ ಮನೆ, ನನಗೇಕೋ ಅದು ಸರಿ ಕಾಣಲಿಲ್ಲ. ಊರಿನಿಂದ ಹೆಂಡತಿ ಬಣ್ಣ ಮಾಸಿದ ತನ್ನ ಕೆಂಪು ಲಂಗ ಕಳಿಸಿದಾಗ, 1810ರಲ್ಲಿ ಅದನ್ನು ಕತ್ತರಿಸಿ ಪುಟ್ಟ ಪುಸ್ತಕಗಳನ್ನು ಮಾಡಿ, ಗಂಡುಮಕ್ಕಳಿಗೆ ಬುದ್ಧಿಮಾತು ಬರೆದರು. ಅಧಿಕಾರಿಗಳು ಪ್ರಜೆಗಳನ್ನು ಹೇಗೆ ಕಾಯಬೇಕೆಂಬ ಅವರ ದೊಡ್ಡ ಗ್ರಂಥವೂ ಇಲ್ಲಿಯದೇ. ಬಿಡುಗಡೆ ಸಿಕ್ಕಿದ್ದು 1818ರಲ್ಲಿ.

ನೀವು ಹೋದರೆ ಚೋದಾಂಗ್ ಹಿಂದಿನ ಬಂಡೆ ನೋಡಿ, ಅವರೇ ಕೆತ್ತಿದ ಎರಡು ಅಕ್ಷರಗಳಿವೆ. ಅಲ್ಲಿಂದ ಬೆಂಗ್‌ನ್ಯೊನ್ಸಾ ಬೌದ್ಧ ದೇವಾಲಯಕ್ಕೆ ಕಾಲುದಾರಿ ಇದೆ. ಗೆಳೆಯರಾಗಿದ್ದ ಸನ್ಯಾಸಿ ಹ್ಯೇಜಾಂಗ್‌ರನ್ನು ಕಾಣಲು ದಾಸಾನ್ ಗುಡ್ಡ ದಾಟುತ್ತಿದ್ದುದು ಈ ಕಡೆಯಿಂದಲೇ. ಕೊನೆಯಲ್ಲಿ ಕಮೀಲಿಯಾ ಮರಗಳ ತೋಪು ಸಿಗುತ್ತದೆ. ಹೂ ಉದುರುವ ಕಾಲಕ್ಕೆ ಹೋದರೆ ನೆಲವೆಲ್ಲ ಕೆಂಪು, ಕೆಳಗೆ ಕೊಲ್ಲಿ.