ಮಾತ್ರೆ ಹಂಚಿದ್ದಾಯ್ತು, ರಕ್ತ ಯಾಕೆ ಏರಲಿಲ್ಲ?

ಪ್ರಶ್ನೆ: ನಾವು ಮೂಡಿಗೆರೆ ಕಡೆಯ ಸ್ವಸಹಾಯ ಸಂಘದವರು. ಆಶಾ ಕಾರ್ಯಕರ್ತೆಯರ ಜೊತೆ ಸೇರಿ ಕಾಫಿ ತೋಟದ ಹೆಣ್ಣಾಳುಗಳಿಗೆ ಆರು ತಿಂಗಳು ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಟ್ಟೆವು. ಎಲ್ಲರಿಗೂ ಕೊಟ್ಟ ಲೆಕ್ಕ ಪುಸ್ತಕದಲ್ಲಿದೆ. ಈಗ ನೋಡಿದರೆ ಅರ್ಧಕ್ಕರ್ಧ ಜನಕ್ಕೆ ಹಿಮೋಗ್ಲೋಬಿನ್ ಏರಿಲ್ಲ. ಮಾಡಿದ್ದೆಲ್ಲ ದಂಡವಾಯಿತಾ ಡಾಕ್ಟ್ರೇ?

ಉತ್ತರ: ದಂಡ ಅಲ್ಲ. ಕಬ್ಬಿಣಾಂಶದ ಮಾತ್ರೆಯಿಂದ ರಕ್ತಹೀನತೆ ಕಡಿಮೆಯಾಗುತ್ತದೆ ಅನ್ನುವುದು ಎಷ್ಟೋ ದೇಶಗಳಲ್ಲಿ ಪರೀಕ್ಷೆ ಮಾಡಿ ಗಟ್ಟಿಯಾದ ಮಾತು. 2018ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಅನೀಮಿಯಾ (ರಕ್ತಹೀನತೆ) ಮುಕ್ತ ಭಾರತ ಕಾರ್ಯಕ್ರಮಕ್ಕೂ ಅದೇ ಆಧಾರ. ಆದರೆ ನಿಮ್ಮ ಪುಸ್ತಕದಲ್ಲಿರುವುದು ಮಾತ್ರೆ ಕೈಗೆ ಹೋದ ಲೆಕ್ಕ. ಹೊಟ್ಟೆಗೆ ಹೋಯಿತಾ?

ಹಿಂದೊಮ್ಮೆ ಒಂದು ತೋಟದಲ್ಲಿ ಆಳುಗಳಿರುವ ಲೈನ್ ಮನೆಗೆ, ಒಬ್ಬ ಹೆಂಗಸನ್ನು ನೋಡಲು ಹೋಗಿದ್ದೆ. ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ಪ್ರತಿ ವಾರವೂ ಟಿಕ್. ಆಕೆ ಒಲೆ ಮೇಲಿನ ಗೂಡಿನಿಂದ ಒಂದು ಡಬ್ಬಿ ತೆಗೆದು ತೋರಿಸಿದರು, ಒಳಗೆ ಮಸಿ ಹಿಡಿದ ಕೆಂಪು ಮಾತ್ರೆಗಳು ಹಾಗೇ ಇದ್ದವು. "ಎರಡು ನುಂಗಿದೆ, ಹೊರಗೆ ಕಪ್ಪಗೆ ಹೋಯ್ತು, ಹೆದ್ರಿಕೆ ಆಯ್ತು" ಅಂದರು. ಕಬ್ಬಿಣಾಂಶ ನುಂಗಿದರೆ ಮಲ ಕಪ್ಪಗಾಗುವುದು ಸಹಜ, ಅದರಿಂದ ಏನೂ ತೊಂದರೆ ಇಲ್ಲ. ಈ ಒಂದು ಮಾತನ್ನು ಆಕೆಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಇನ್ನೊಂದು, ನಮ್ಮ ಕಡೆಯವರು ತಪ್ಪದೆ ಕೇಳಬೇಕಾದದ್ದು: ಯಾವುದರ ಜೊತೆ ನುಂಗುತ್ತಾರೆ? ಬೆಳಗ್ಗೆ ಬೆಲ್ಲದ ಕಾಫಿ ಜೊತೆ ನುಂಗಿದರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕಾಫಿಗೂ ಮಾತ್ರೆಗೂ ಒಂದೆರಡು ಗಂಟೆ ಅಂತರವಿರಲಿ. ನಿಂಬೆಹಣ್ಣು ಹಿಂಡಿದ ನೀರಾದರೆ ಒಳ್ಳೆಯದೇ. ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ಕೊಡಬೇಡಿ.

ವಾರಕ್ಕೊಂದು ಮಾತ್ರೆ ಇರುವುದು ರಕ್ತಹೀನತೆ ಬರದ ಹಾಗೆ ತಡೆಯುವುದಕ್ಕೆ. ಆಗಲೇ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದವರಿಗೆ ಅದು ಸಾಲದು, ದಿನಾ ನುಂಗುವ ಚಿಕಿತ್ಸೆ ಬೇಕು. ಬಸುರಿಯರಿಗೆ ಈ ಗೆರೆ 11. ಇವರನ್ನೆಲ್ಲ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಒಂದು ತಿಂಗಳು ಸರಿಯಾಗಿ ನುಂಗಿಯೂ 1 ಗ್ರಾಂ ಏರದಿದ್ದರೆ ಬೇರೆ ಕಾರಣ ಇರಬಹುದು, ವೈದ್ಯರೇ ನೋಡಲಿ.

ಈಗ ಅಳೆಯುವ ವಿಷಯ. ಮೊದಲ ಸಲ ನೋಡಿದವರನ್ನೇ ಎರಡನೇ ಸಲವೂ ನೋಡಿದಿರಾ? ಕೊಯ್ಲಿಗೆ ಬಂದವರು ಹಣ್ಣು ಮುಗಿದ ಮೇಲೆ ಅವರವರ ಊರಿಗೆ ಹೋಗಿರುತ್ತಾರೆ, ಅವರ ಜಾಗಕ್ಕೆ ಬೇರೆಯವರು ಬಂದಿರುತ್ತಾರೆ, ಇಬ್ಬರ ಲೆಕ್ಕ ಬೆರೆಸಿದರೆ ಏನೂ ಗೊತ್ತಾಗುವುದಿಲ್ಲ ಅಲ್ವಾ? ಹೆಸರು ಹಿಡಿದು ಹೋಲಿಸಿ. ಎರಡೂ ಸಲ ಒಂದೇ ಬಗೆಯ ಮೀಟರ್ ಇರಲಿ. ಬೆರಳನ್ನು ಜಾಸ್ತಿ ಹಿಂಡಬಾರದು, ರಕ್ತದ ಜೊತೆ ಮೈಯ ನೀರು ಸೇರಿ ಅಂಕಿ ತಪ್ಪುತ್ತದೆ.

ಮುಂದಿನ ಸಲ ಹೀಗೆ ಮಾಡಿ ನೋಡಿ. ಒಂದು ತೋಟದಲ್ಲಿ ಮಧ್ಯಾಹ್ನ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ, ಹಾಜರಿ ಹಾಕುವ ಜಾಗದಲ್ಲಿ, ಎದುರಿಗೇ ನುಂಗಿಸಿ. ತೋಟದ ಲೆಕ್ಕ ಬರೆಯುವ ರೈಟರ್‌ಗೂ ಮೇಸ್ತ್ರಿಗೂ ಮೊದಲೇ ಹೇಳಿಟ್ಟಿರಿ. ಪಕ್ಕದ ತೋಟದಲ್ಲಿ ಈಗಿನ ಹಾಗೇ ಮನೆಗೆ ಕೊಡಿ. ಮೂರು ತಿಂಗಳಾದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ತೋಟ ನೋಡಿದರೆ, ಏರಿದ್ದು ನಿಮ್ಮ ಕೆಲಸದಿಂದಲೋ ಸುಮ್ನೆ ಏರಿತೋ ಹೇಳಲಾಗದು. ಪುಸ್ತಕದಲ್ಲಿ 'ಕೊಟ್ಟದ್ದು' ಪಕ್ಕ 'ಎದುರಿಗೆ ನುಂಗಿದ್ದು' ಅಂತ ಇನ್ನೊಂದು ಗೆರೆ ಎಳೆಯಿರಿ. ನುಂಗದ ವಾರ ಯಾಕೆ ಅಂತ ಅವರದೇ ಮಾತಲ್ಲಿ ಬರೆದುಕೊಳ್ಳಿ: ವಾಕರಿಕೆ, ಮರೆತೆ, ಅತ್ತೆ ಬೇಡ ಅಂದರು.