ಕೈಗೂಸಿನ ಜ್ವರಕ್ಕೆ ಬೆಳಗಾಗಲಿ ಅಂತ ಕಾಯಬೇಡಿ

ಒಂದೂವರೆ ತಿಂಗಳ ಮಗು ಎತ್ತಿಕೊಂಡು ಇಂಗ್ಲೆಂಡಿನ ಲೀಡ್ಸ್‌ಗೆ ಬರುತ್ತಿದ್ದೇವೆ, ಅಲ್ಲಿ ಡಾಕ್ಟರ್ ಸಿಗೋದೇ ಇಲ್ವಂತೆ, ನಿಜನಾ ಅಂತ ಕೇಳಿದ್ದೀರಿ. ಸಿಗುತ್ತಾರೆ. ನಮ್ಮೂರಿನ ಹಾಗೆ ಸಂಜೆ ಹೋಗಿ ಟೋಕನ್ ತಗೊಂಡು ಕೂತರೆ ಸಿಗುವುದಿಲ್ಲ, ಅಷ್ಟೇ.

ಬಂದ ವಾರವೇ ಮನೆ ಹತ್ತಿರದ ಜಿಪಿ (ಫ್ಯಾಮಿಲಿ ಡಾಕ್ಟರ್) ಸರ್ಜರಿಯಲ್ಲಿ ಮೂವರ ಹೆಸರೂ ಬರೆಸಿ. ಸರ್ಜರಿ ಅಂದರೆ ಗಾಬರಿ ಬೇಡ, ಇಲ್ಲಿ ಕ್ಲಿನಿಕ್‌ಗೆ ಹಾಗನ್ನುತ್ತಾರೆ. ಊರಿನ ಲಸಿಕೆ ಕಾರ್ಡ್ ಕೈಚೀಲದಲ್ಲೇ ಇರಲಿ, ಏನೇನು ಹಾಕಿಸಿದ್ದೀರಿ ಅಂತ ನೋಡುತ್ತಾರೆ.

ಈಗ ಮುಖ್ಯವಾದದ್ದು. ನನ್ನ ದೊಡ್ಡ ಮಗಳಿಗೆ ಏಳು ವಾರ ಇದ್ದಾಗ ರಾತ್ರಿ ಎರಡು ಗಂಟೆಗೆ ಮೈ ಸುಡುತ್ತಿತ್ತು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 38.2. ಊರಲ್ಲಿ ಬೆಳಗಾಗಿತ್ತಲ್ಲ, ಅಮ್ಮನಿಗೆ ಫೋನ್ ಮಾಡಿದೆ. "ಫ್ಯಾರನ್‌ಹೀಟ್‌ನಲ್ಲಿ ಹೇಳೇ" ಅಂದರು. ನೂರರ ಮೇಲೆ ಚೂರು ಅಂದೆ. ಒದ್ದೆ ಬಟ್ಟೆ ಹಾಕು, ಇಳಿಯುತ್ತೆ ಅಂದರು. ಇಷ್ಟಕ್ಕೆಲ್ಲ ಇಲ್ಲಿನ ಸರ್ಕಾರಿ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿದರೆ ಏನಂದುಕೊಳ್ಳುತ್ತಾರೋ, ಪ್ಯಾರಾಸಿಟಮಾಲ್ ಕೊಡಿ ಅಂತ ತಾನೆ ಹೇಳೋದು ಅಂದುಕೊಂಡು ಸುಮ್ನೆ ಒಂದು ಗಂಟೆ ಕಳೆದೆವು. ಆಮೇಲೆ ಫೋನ್ ಮಾಡಿ ಏಳು ವಾರ ಅಂದಿದ್ದೇ ತಡ, ಆ ಕಡೆ ದನಿಯೇ ಬದಲಾಯಿತು, ತಕ್ಷಣ ಆಸ್ಪತ್ರೆಗೆ ಹೋಗಿ ಅಂದರು. ರಕ್ತ, ಮೂತ್ರ ಪರೀಕ್ಷೆ ಮಾಡಿದರು. ಮೂತ್ರದಲ್ಲಿ ಸೋಂಕಿತ್ತು. ಮೂರು ದಿನ ಆ ಪುಟ್ಟ ಕೈಗೆ ಸೂಜಿ ಚುಚ್ಚಿ, ಕಿತ್ತುಕೊಳ್ಳದಿರಲಿ ಅಂತ ಮೇಲೆ ಕಾಲುಚೀಲ ಹಾಕಿದ್ದರು.

ಅದಕ್ಕೇ ಹೇಳುವುದು, ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಜಾಸ್ತಿ ಬಂದರೆ ಕ್ಯಾಲ್‌ಪಾಲ್ (ಪ್ಯಾರಾಸಿಟಮಾಲ್ ಸಿರಪ್) ಕೊಟ್ಟು ಕಾಯಬೇಡಿ, 111ಕ್ಕೆ ಫೋನ್ ಮಾಡಿ, ಮೊದಲ ಮಾತಿನಲ್ಲೇ ವಯಸ್ಸು ಹೇಳಿ. 8 ವಾರಕ್ಕೆ ಮೆನ್‌ಬಿ (ಮಿದುಳುಜ್ವರ ತಡೆಯುವ) ಲಸಿಕೆ ಹಾಕಿಸಿದಾಗ ಜ್ವರ ಬರುವುದುಂಟು, ಆಗ ಎಷ್ಟು ಕೊಡಬೇಕು ಅಂತ ನರ್ಸೇ ಹೇಳಿ ಕಳಿಸುತ್ತಾರೆ, ಅದು ಬೇರೆ.

ಉಸಿರಾಡಲು ಕಷ್ಟಪಡುತ್ತಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ತುಟಿ ನೀಲಿಯಾದರೆ ತುರ್ತು ಆಂಬುಲೆನ್ಸ್ ನಂಬರ್ 999ಕ್ಕೆ ಫೋನ್ ಮಾಡಿ. ನಮ್ಮ ಮೈಬಣ್ಣದಲ್ಲಿ ನೀಲಿ ಬೇಗ ಗೊತ್ತಾಗಲ್ಲ, ನಾಲಿಗೆ, ವಸಡು ನೋಡಿ. ಕಾಮಾಲೆಗೂ ಅಷ್ಟೇ, ಕಣ್ಣಿನ ಬಿಳಿ ನೋಡಬೇಕು. ಮೈಮೇಲೆ ಗುಳ್ಳೆ ಅಥವಾ ಕಲೆ ಎದ್ದರೆ ಗಾಜಿನ ಲೋಟ ಒತ್ತಿ ನೋಡಿ, ಮಾಸದೆ ಹಾಗೇ ಕಾಣಿಸಿದರೆ ಅದೂ 999. ಆದರೆ ಮಾಸಿತು ಅಂತ ಮಗು ಮಂಕಾಗಿದ್ದರೂ ಸುಮ್ಮನಿರಬೇಡಿ. ಹಸಿರು ಬಣ್ಣದ ವಾಂತಿ ಆದರೆ ನೇರ ಆಸ್ಪತ್ರೆಗೆ. ಹಾಲು ಬಿಟ್ಟು, ಉಚ್ಚೆಯೂ ಕಮ್ಮಿಯಾದರೆ ಅವತ್ತೇ ಫೋನ್ ಮಾಡಿ. ಬಿಕ್ಕಳಿಕೆ, ಸೀನು, ಕುಡಿದ ಮೇಲೆ ಚೂರು ಮೊಸರುಮೊಸರಾಗಿ ಕಕ್ಕುವುದು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ.

ಬಾಣಂತನಕ್ಕೆ ಅತ್ತೆಯವರೂ ಬರುತ್ತಾರೆ ಅಂದಿರಲ್ಲ. ಎಣ್ಣೆ ಹಚ್ಚಿ ನೀರು ಹಾಕುವುದು ಅವರದ್ದೇ ಆಗಲಿ. ಬಜೆ ತೇದು ಜೇನಿನಲ್ಲಿ ನೆಕ್ಕಿಸುವುದು ಮಾತ್ರ ಬೇಡ, ಒಂದು ವರ್ಷ ತುಂಬುವವರೆಗೆ ಜೇನು ಮುಟ್ಟಿಸಬಾರದು. ಕಣ್ಣಿಗೆ ಕಾಡಿಗೆಯೂ ಬೇಡ, ಅದರಲ್ಲಿ ಸೀಸ ಇರಬಹುದು. ಸಾಂಬ್ರಾಣಿ ಹೊಗೆಯ ಬಗ್ಗೆ ನೀವೇನೂ ಹೇಳಬೇಕಿಲ್ಲ, ಸ್ಮೋಕ್ ಅಲಾರ್ಮ್ ಒಂದು ಸಲ ಕಿರುಚಿಕೊಂಡರೆ ಅವರೇ ಬಿಡುತ್ತಾರೆ.

ಥರ್ಮಾಮೀಟರ್ ಊರಿಂದ ತರಬೇಡಿ, ಇಲ್ಲೇ ಡಿಜಿಟಲ್ ತಗೊಳ್ಳಿ. ಫೋನಿನಲ್ಲಿ ಸೆಲ್ಸಿಯಸ್‌ನಲ್ಲೇ ಕೇಳುತ್ತಾರೆ, ನಡುರಾತ್ರಿ ಲೆಕ್ಕ ಹಾಕುತ್ತಾ ಕೂರೋಕಾಗಲ್ಲ.