ಬೆಳೆಯುವ ಮೈಮೇಲಿನ ಗೆರೆ

ಹಾವೇರಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘8ನೇ ಕ್ಲಾಸಿನ ನನ್ನ ಮಗಳ ತೊಡೆ, ಸೊಂಟದ ಮೇಲೆ ಕೆಂಪು ಗೆರೆ ಎದ್ದಿವೆ. ಇದು ಹೆತ್ತವರಿಗೆ ಬರುವಂಥದ್ದು, ಇವಳಿಗ್ಯಾಕೆ ಬಂತು ಅಂತ ಅತ್ತೆ ಕೇಳುತ್ತಾರೆ. 900 ರೂಪಾಯಿಯ ಕ್ರೀಮ್ ತಂದು ಹಚ್ಚಿ ಎರಡು ಟ್ಯೂಬ್ ಮುಗೀತು, ಏನೂ ಆಗಿಲ್ಲ. ಲೇಸರ್ ಮಾಡಿಸಲಾ?’

ಅಮ್ಮಾ, ಮೊದಲು ನಿಮ್ಮ ಅತ್ತೆಗೆ ಉತ್ತರ ಕೊಡುತ್ತೇನೆ. ಈ ಗೆರೆಗಳಿಗೆ ಸ್ಟ್ರೆಚ್ ಮಾರ್ಕ್ಸ್ ಅನ್ನುತ್ತಾರೆ, ಅವು ಬರಲು ಹೆರಿಗೆಯೇ ಆಗಬೇಕಿಲ್ಲ. ಈ ವಯಸ್ಸಿನಲ್ಲಿ ಮಕ್ಕಳು ನೋಡನೋಡುತ್ತಲೇ ಬೆಳೆಯುತ್ತಾರೆ. ಚರ್ಮದ ಒಳಪದರದಲ್ಲಿ ಕೊಲಾಜೆನ್, ಎಲಾಸ್ಟಿನ್ ಅನ್ನುವ ನಾರುಗಳಿವೆ. ಮೈ ಹಿಗ್ಗುವ ವೇಗ ತಾಳದೆ ಅವು ಅಲ್ಲಲ್ಲಿ ಬಿರಿಯುತ್ತವೆ, ಹಾರ್ಮೋನಿನ ಏರಿಳಿತವೂ ಅದಕ್ಕೆ ಸೇರಿಕೊಳ್ಳುತ್ತದೆ. ಹುಡುಗಿಯರಿಗೆ ತೊಡೆ, ಸೊಂಟ, ಎದೆಯಲ್ಲಿ ಜಾಸ್ತಿ. ದಿಢೀರನೆ ಉದ್ದವಾದ ಹುಡುಗರಿಗೆ ಬೆನ್ನಿನ ಕೆಳಗೆ ಅಡ್ಡಡ್ಡ ಬರುತ್ತವೆ, ಬೆತ್ತದ ಬಾಸುಂಡೆಯೇನೋ ಅನ್ನುವ ಹಾಗೆ. ಯಾರು ಹೊಡೆದರು ಅಂತ ಮನೆಯವರು ಗಾಬರಿಯಾಗುವುದೂ ಉಂಟು.

ನಾವು ಚಿಕ್ಕವರಿದ್ದಾಗ ಯೂನಿಫಾರ್ಮ್ ಗಿಡ್ಡವಾದರೆ ಅಮ್ಮ ಕೆಳಗಿನ ಪಟ್ಟಿ ಬಿಚ್ಚಿ ಉದ್ದ ಮಾಡುತ್ತಿದ್ದಳು. ಹಳೇ ಮಡಿಕೆ ಇದ್ದ ಕಡೆ ಒಂದು ಗೆರೆ ಹಾಗೇ ಉಳಿಯುತ್ತಿತ್ತು, ಎಷ್ಟು ಇಸ್ತ್ರಿ ಹೊಡೆದರೂ ಹೋಗುತ್ತಿರಲಿಲ್ಲ. ನಿಮ್ಮ ಮಗಳ ಮೈಮೇಲಿರುವುದೂ ಅಂಥದ್ದೇ. ಈಗ ಕೆಂಪಗಿದೆ, ಒಂದೆರಡು ವರ್ಷ ಕಳೆದರೆ ಚರ್ಮಕ್ಕಿಂತ ಕೊಂಚ ಬೆಳ್ಳಗೆ, ತೆಳ್ಳಗೆ ಆಗಿ ಹೆಚ್ಚುಕಮ್ಮಿ ಕಾಣದಂತಾಗುತ್ತದೆ. ಪೂರ್ತಿ ಅಳಿಸುವ ಕ್ರೀಮ್ ಈವರೆಗೆ ಯಾರೂ ಕಂಡುಹಿಡಿದಿಲ್ಲ. ಆಲಿವ್ ಎಣ್ಣೆ, ಕೋಕೋ ಬೆಣ್ಣೆಯನ್ನು ಬಸುರಿಯರಿಗೆ ಹಚ್ಚಿ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಹಚ್ಚಿದವರಿಗೂ ಹಚ್ಚದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತುರಿಕೆ ಇದ್ದರೆ ಕೊಬ್ಬರಿ ಎಣ್ಣೆ ಸವರಿ, ಸಾಕು.

ಲೇಸರ್ ಪೂರಾ ಸುಳ್ಳು ಅಂತ ನಾನು ಹೇಳುವುದಿಲ್ಲ. ಗೆರೆ ಕೆಂಪಗಿರುವಾಗ ಅದರಿಂದಲೂ, ಟ್ರೆಟಿನೊಯಿನ್ ಮುಲಾಮಿನಿಂದಲೂ ಒಂದಿಷ್ಟು ಮಾಸುವುದುಂಟು. ಆದರೆ ನಮ್ಮಂಥ ಕಂದು ಚರ್ಮಕ್ಕೆ ಲೇಸರ್ ಬಿದ್ದ ಜಾಗ ಕಪ್ಪಾಗುವ ಭಯ ಇದ್ದೇ ಇದೆ. ಅವಳಿನ್ನೂ ಬೆಳೆಯುತ್ತಿದ್ದಾಳೆ, ಒಂದು ಕಡೆ ಮಾಸಿದರೆ ಇನ್ನೊಂದು ಕಡೆ ಬರಬಹುದು. ಅಷ್ಟು ದುಡ್ಡು, ಅಷ್ಟು ನೋವು, 13ರ ಹುಡುಗಿಗೆ ಯಾಕೆ ಹೇಳಿ?

ನನಗೆ ನಿಜಕ್ಕೂ ಸಿಟ್ಟು ಬರುವುದು ಬೇರೆ ಟ್ಯೂಬಿನ ಮೇಲೆ. ನನ್ನ ಅಕ್ಕನ ಮಗನಿಗೆ 15ನೇ ವಯಸ್ಸಲ್ಲಿ ತೊಡೆಸಂದಿಯಲ್ಲಿ ಹುಳಕಡ್ಡಿ ಆಯಿತು. ನಾಚಿಕೆಗೆ ಯಾರಿಗೂ ಹೇಳದೆ ಅಂಗಡಿಗೆ ಹೋದ, ಕೌಂಟರಿನಲ್ಲಿದ್ದವರು ಚೀಟಿ ಕೇಳದೆ ಒಂದು ಟ್ಯೂಬ್ ಕೊಟ್ಟರು. ಎರಡೇ ದಿನಕ್ಕೆ ತುರಿಕೆ ನಿಂತಿತು. ಬಿಟ್ಟರೆ ಮತ್ತೆ ಬರುತ್ತಿತ್ತು, ಮತ್ತೆ ಹಚ್ಚುತ್ತಿದ್ದ. ಮೂರು ತಿಂಗಳಾದ ಮೇಲೆ ಅಕ್ಕನಿಗೆ ತೋರಿಸಿದಾಗ ತೊಡೆಯ ಒಳಬದಿಯಲ್ಲಿ ಬೆರಳಗಲದ ನೇರಳೆ ಪಟ್ಟಿಗಳು. ಖಾಲಿ ಟ್ಯೂಬನ್ನು ಬಿಡಿಸಿ ಬೆಳಕಿಗೆ ಹಿಡಿದು ಓದಿದೆ. ಇರುವೆ ಸಾಲಿನಂಥ ಅಕ್ಷರದಲ್ಲಿ ‘ಕ್ಲೊಬೆಟಸೋಲ್’ ಅಂತಿತ್ತು. ತುಂಬಾ ಜೋರಿನ ಸ್ಟೀರಾಯ್ಡ್ ಅದು. ಚರ್ಮವನ್ನೇ ತೆಳುವಾಗಿಸಿ ಬಿರಿಯುವಂತೆ ಮಾಡುತ್ತದೆ, ತೊಡೆಸಂದಿಯಂಥ ಮೆತ್ತನೆ ಜಾಗದಲ್ಲಂತೂ ಇನ್ನೂ ಬೇಗ. ಹುಳಕಡ್ಡಿಯೂ ಒಳಗೊಳಗೇ ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಬಿಗಿ ಮಾಡಿತು. ಕೌಂಟರಿನಲ್ಲಿ ಚೀಟಿ ಕೇಳಿದ್ದನ್ನು ನಾನಂತೂ ಅಪರೂಪಕ್ಕೆ ನೋಡಿದ್ದೇನೆ. ಮುಖ ಬೆಳ್ಳಗಾಗಲಿ ಅಂತ ಬೆಟ್ನೋವೇಟ್ ಅನ್ನುವ ಸ್ಟೀರಾಯ್ಡ್ ಮುಲಾಮು ಹಚ್ಚಿಕೊಳ್ಳುವ ಹುಡುಗಿಯರು ಎಷ್ಟು ಮನೆಗಳಲ್ಲಿಲ್ಲ! ಮದುವೆ ಮನೆಯಲ್ಲಿ ಕಂಡವರೆಲ್ಲ ‘ಕಪ್ಪಾಗಿದೀಯಾ, ದಪ್ಪ ಆಗಿದೀಯಾ’ ಅನ್ನುತ್ತಾರಲ್ಲ, ಮಕ್ಕಳ ಕೈಗೆ ಆ ಟ್ಯೂಬ್ ಕೊಡುವುದು ಆ ಮಾತೇ.

ನೀವು ಹಚ್ಚಿದ ಟ್ಯೂಬಿನ ಹಿಂದೆ ಏನು ಬರೆದಿದೆ ಅಂತ ಇವತ್ತೇ ಓದಿ. ಗೆರೆಗಳು ಒಂದು ಸೆಂಟಿಮೀಟರಿಗಿಂತ ಅಗಲವಾಗಿ ಕಡುನೇರಳೆ ಇದ್ದರೆ, ಮುಖ ಗುಂಡಗಾಗಿ ಊದಿಕೊಂಡರೆ, ತೂಕ ಏರುತ್ತಿದ್ದರೂ ಎತ್ತರ ನಿಂತುಬಿಟ್ಟಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಲೇಬೇಕು. ಅದು ದೇಹದಲ್ಲಿ ಕಾರ್ಟಿಸೋಲ್ ಅನ್ನುವ ಸ್ಟೀರಾಯ್ಡ್ ಹಾರ್ಮೋನ್ ಹೆಚ್ಚಾದ ಲಕ್ಷಣ ಇರಬಹುದು. ಬೇರೆ ಕಾಯಿಲೆಗೆ ಡಾಕ್ಟರು ಕೊಟ್ಟ ಸ್ಟೀರಾಯ್ಡ್ ಮಾತ್ರೆ ಇದ್ದರೆ ಮಾತ್ರ ನೀವಾಗಿ ನಿಲ್ಲಿಸಬೇಡಿ, ಅವರನ್ನೇ ಕೇಳಿ.

ಇದ್ಯಾವುದೂ ಇಲ್ಲ ಅಂದರೆ ಅವಳನ್ನು ಸುಮ್ನೆ ಬಿಡಿ. ನಿಮ್ಮ ಹೊಟ್ಟೆಯ ಮೇಲಿನ ಗೆರೆಯನ್ನು ಒಮ್ಮೆ ತೋರಿಸಿ, ನೀನು ಒಳಗಿದ್ದಾಗ ಬಂದದ್ದು ಅಂತ ಹೇಳಿ. ಮುಂದಿನ ಟ್ಯೂಬಿಗೆ ಎತ್ತಿಟ್ಟ 900 ರೂಪಾಯಿಯಲ್ಲಿ ಹೊಸ ಯೂನಿಫಾರ್ಮ್ ಹೊಲಿಸಿ, ಕೆಳಗಿನ ಪಟ್ಟಿ ಸ್ವಲ್ಪ ಜಾಸ್ತಿ ಬಿಡಲು ಟೈಲರಿಗೆ ಹೇಳಿ.

– ಸಂಪಾದಕ